ಅಮ್ಮನ ಮನೆಯ ಗಾಡಿ: ಆರನೇ ವಾರ

ಹೋದ ಸಲ ಬರೆದಾಗ ಗಾಡಿ ಪುಣೆಯಲ್ಲಿ ನನ್ನ ಮೇಜಿನ ಮೇಲಿತ್ತು. ಈಗ ಅದು ಮುಂಬೈನ ಮಾಟುಂಗಾದಲ್ಲಿ ಅಮ್ಮನ ಮನೆ ಸೇರಿದೆ, ನಾನು ಪುಣೆಯ ಕೋಥ್ರೂಡ್‌ನಲ್ಲಿ ಕೂತು ಓಡಿಸುತ್ತೇನೆ. ಹೊಸದಾಗಿ ಓದುವವರಿಗೆ: ದೂರದಿಂದಲೇ ಮನೆಯೊಳಗೆ ಓಡಿಸುತ್ತಾ ಅಮ್ಮನ ಜೊತೆ ವಿಡಿಯೋದಲ್ಲಿ ಹರಟಲು ನಾನೇ ಕಟ್ಟಿದ ಗಾಡಿ ಇದು. ಪಿವಿಸಿ ಪೈಪಿನ ತುದಿಗೆ ಹಳೇ ಟ್ಯಾಬ್ಲೆಟ್, ಕೆಳಗೆ ಎರಡು ಗೇರ್ ಮೋಟಾರ್, ಅವನ್ನು ನಡೆಸಲು ಒಂದು ಇಎಸ್‌ಪಿ32 ಬೋರ್ಡ್ (ವೈಫೈ ಇರುವ ಪುಟ್ಟ ಕಂಪ್ಯೂಟರ್). ವಿಡಿಯೋಗೆ ವೆಬ್‌ಆರ್‌ಟಿಸಿ, ಅಂದರೆ ಬ್ರೌಸರಿನಲ್ಲೇ ನೇರ ಕರೆ ಮಾಡುವ ವ್ಯವಸ್ಥೆ; ಎರಡೂ ಕಡೆ ಬ್ರೌಸರ್ ಇದ್ದರೆ ಸಾಕು.

ಮೊದಲ ದಿನವೇ ಮಾನ ಹೋಯಿತು. ಮುಂದಕ್ಕೆ ಬಿಟ್ಟರೆ ಬೋರ್ಡ್ ರೀಸ್ಟಾರ್ಟ್. ಮೋಟಾರ್ ಹೊರಡುವಾಗ ಕರೆಂಟ್ ಜಾಸ್ತಿ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಬೋರ್ಡ್ ಬ್ರೌನ್‌ಔಟ್ ಆಗುತ್ತದೆ, ಅಂದರೆ ವೋಲ್ಟೇಜ್ ಸಾಲದೆ ಆರಿ ಮತ್ತೆ ಶುರುವಾಗುತ್ತದೆ. ಮೇಜಿನ ಮೇಲೆ ಚಕ್ರ ಗಾಳಿಯಲ್ಲಿ ತಿರುಗುತ್ತಿತ್ತಲ್ಲ, ಹಾಗಾಗಿ ಗೊತ್ತೇ ಆಗಿರಲಿಲ್ಲ. ಬೋರ್ಡಿಗೆ ಬೇರೆ ಬ್ಯಾಟರಿ ಕೊಟ್ಟೆ. ಸುಮಾರು 2 ವೋಲ್ಟ್ ತಾನೇ ತಿಂದು ಬಿಸಿಯಾಗುತ್ತಿದ್ದ ಎಲ್298ಎನ್ ಡ್ರೈವರ್ (ಮೋಟಾರಿಗೆ ಕರೆಂಟ್ ಕೊಡುವ ಭಾಗ) ಕಿತ್ತು, ಅಷ್ಟು ವೋಲ್ಟೇಜ್ ತಿನ್ನದ ಮಾಸ್‌ಫೆಟ್ ಡ್ರೈವರ್ ಹಾಕಿದೆ. ಅರ್ಧ ಸೆಕೆಂಡ್ ಆದೇಶ ಬರದಿದ್ದರೆ ಗಾಡಿ ನಿಲ್ಲಬೇಕು ಅಂತಲೂ ಬರೆದೆ, ನೆಟ್ ಹೋದಾಗ ಅಮ್ಮನ ಕಾಲಿಗೆ ಗುದ್ದಬಾರದು ಅಲ್ವಾ.

ಅಡುಗೆಮನೆ ಹೊಸ್ತಿಲು ಇನ್ನೂ ದಾಟಿಲ್ಲ. ಸದ್ಯಕ್ಕೆ ಬಾಗಿಲಲ್ಲೇ ನಿಂತು ಮಾತು.

ಎತ್ತರದ ವಿಷಯ ನನಗೆ ಹೊಳೆದೇ ಇರಲಿಲ್ಲ. ಅಮ್ಮ ತಗ್ಗು ಸ್ಟೂಲಿನ ಮೇಲೆ ಕೂತು ಬೀನ್ಸ್ ಮುರಿಯುತ್ತಿದ್ದಳು, ನನ್ನ ಮುಖ 120 ಸೆಂಟಿಮೀಟರ್ ಮೇಲೆ. "ಎಂತ ಮಾರಾಯಾ, ಇನ್‌ಸ್ಪೆಕ್ಟರ್ ಹಾಗೆ ನೋಡುವುದು?" ಅಂದಳು. ಪೈಪನ್ನು 85ಕ್ಕೆ ಕತ್ತರಿಸಿದೆ. ಈಗ ಅವಳು ಎದ್ದು ನಿಂತರೆ ನನಗೆ ಸೀರೆ ನೆರಿಗೆ ಮಾತ್ರ ಕಾಣುತ್ತದೆ, ಪರವಾಗಿಲ್ಲ.

ದೊಡ್ಡ ಜಗಳ ಆಗಿದ್ದು ಬೇರೆ ವಿಷಯಕ್ಕೆ. ಪಾಪ, ಟ್ಯಾಬ್ಲೆಟ್ ಮುಟ್ಟುವ ಕಷ್ಟ ಯಾಕೆ ಅಂತ ನಾನು ಕರೆ ತಾನಾಗೇ ತೆರೆಯುವ ಹಾಗೆ ಇಟ್ಟಿದ್ದೆ. ಮಂಗಳವಾರ ಲಾಗಿನ್ ಆದರೆ ಸ್ಕ್ರೀನ್ ತುಂಬಾ ಬಿಳಿ-ಕೆಂಪು ಚೌಕಳಿ. ನೆಟ್ ತೊಂದರೆ ಅಂದುಕೊಂಡು ಹತ್ತು ನಿಮಿಷ ಲಾಗ್ ನೋಡಿದ್ದೇನೆ, ಆಮೇಲೆ ಗೊತ್ತಾಯಿತು ಅದು ಅಮ್ಮನ ಬೈರಾಸು, ಟವೆಲ್ಲು! ಗಾಡಿಯನ್ನು ಗೋಡೆಗೆ ತಿರುಗಿಸಿ, ಮೇಲೆ ಬೈರಾಸು ಹೊದಿಸಿ ಜಪಕ್ಕೆ ಕೂತಿದ್ದಳು. "ಮಗನೇ ಆದರೂ ಬಾಗಿಲು ತಟ್ಟಿ ಬರಬೇಕು."

ಸರಿ ತಾನೇ. ಈಗ ಮೊದಲು ಬೆಲ್ ಆಗುತ್ತದೆ. ಕಂಬಕ್ಕೆ ಕಟ್ಟಿದ ದೊಡ್ಡ ಕೆಂಪು ಬಟನ್ ಅವಳು ಒತ್ತಿದರೆ ಮಾತ್ರ ಕ್ಯಾಮೆರಾ ಆನ್. ಬಿದ್ದುಬಿಟ್ಟರೆ ಯಾರು ಒತ್ತುತ್ತಾರೆ ಅಂತ ತಂಗಿ ವಾದ ಮಾಡುತ್ತಿದ್ದಾಳೆ. ಅವಳ ಮಾತು ಸುಳ್ಳಲ್ಲ, ಆದರೆ ನಾನು ಕಟ್ಟಿದ್ದು ಹರಟೆಗೆ, ಕಾವಲಿಗಲ್ಲ.

ಮುಂದಿನದು ಚಾರ್ಜಿಂಗ್. ಈಗ ದಿನಾ ರಾತ್ರಿ ಅಮ್ಮ ಬಗ್ಗಿ ವೈರ್ ಚುಚ್ಚಬೇಕು, ಮೊಣಕಾಲು ನೋವು ಬೇರೆ. ಯುರೋಪಿನಲ್ಲಿ ಹಿರಿಯರ ಮನೆಗಳಲ್ಲಿ ಇಟ್ಟು ನೋಡಿದ, ಇಂಥದ್ದೇ ವಿಡಿಯೋ ಕರೆಯ ಜಿರಾಫ್ ರೋಬೋಟಿಗೆ ಡಾಕ್ (ಚಾರ್ಜ್ ಆಗಲು ನಿಲ್ಲುವ ಜಾಗ) ಇತ್ತು, ಮಾತು ಮುಗಿದ ಮೇಲೆ ಓಡಿಸುವವರೇ ಅಲ್ಲಿ ತಂದು ನಿಲ್ಲಿಸಬೇಕು. ಅದನ್ನೇ ಮಾಡುತ್ತೇನೆ, ಎರಡು ತಾಮ್ರದ ಪಟ್ಟಿ ಸಾಕು.

ಅಂದಹಾಗೆ ಆ ಕೆಂಪು ಬಟನ್ ಅಮ್ಮ ತಾನಾಗೇ ಒತ್ತಿದರೆ ನನಗೂ ಕರೆ ಬರುತ್ತದೆ. ಗುರುವಾರ ಮೀಟಿಂಗ್ ನಡುವೆ ಬಂತು, ಗಾಬರಿಯಿಂದ ತೆರೆದೆ. ಪಕ್ಕದ ಮನೆ ಆಂಟಿಗೆ ಗಾಡಿ ಓಡುವುದನ್ನು ನೋಡಬೇಕಿತ್ತಂತೆ. ಹಾಲ್‌ನಲ್ಲಿ ಎರಡು ಸುತ್ತು ಹೊಡೆಸಿದೆ.