ಹಿಂಗಾಲಿಗೆ ತಾಗಿದ್ರೆ ಸಾಕು

ಚಳ್ಳಕೆರೆ ಕಡೆ ಶೇಂಗಾ ಹೊಲದ ಬದುವಲ್ಲಿ ಹಸಿರು ಮಿಡತೆಯೊಂದು ಹುಲ್ಲಿನ ಗರಿಗೆ ಅಂಟಿಕೊಂಡಿತ್ತು. ನಾನು ಬಗ್ಗಿದ್ದೇ ತಡ, ಗರಿಯ ಆಚೆ ಬದಿಗೆ ಸರಿಯಿತು. ಈ ಕಡೆಯಿಂದ ಇಣುಕಿದರೆ ಮತ್ತೆ ಆ ಕಡೆ. ಇದು ನಮ್ಮೂರಿನ ಸಾಧು ಜಾತಿ ಬಿಡಿ. 2020ರಲ್ಲಿ ರಾಜಸ್ಥಾನದಿಂದ ಮಹಾರಾಷ್ಟ್ರದವರೆಗೂ ಮುತ್ತಿದ್ದು ಮರುಭೂಮಿ ಮಿಡತೆ.

ಮಜಾ ಏನಂದ್ರೆ, ಅದೂ ಒಂಟಿಯಾಗಿದ್ದಾಗ ಹೀಗೇ ಸಂಕೋಚದ ಪ್ರಾಣಿ. ಹಾರೋದೂ ರಾತ್ರಿ ಹೊತ್ತಲ್ಲೇ. ಆದರೆ ಮೇವು ಕಮ್ಮಿಯಾಗಿ ಎಲ್ಲವೂ ಒಂದೇ ಕಡೆ ಸೇರಿ, ನಾಯಕನಹಟ್ಟಿ ತೇರಿನ ನೂಕುನುಗ್ಗಲಿನ ಹಾಗೆ ಮೈಗೆ ಮೈ ತಾಗತೊಡಗಿತೋ, ಕತೆ ಬೇರೆ. ಹಿಂಗಾಲಿನ ತೊಡೆಗೆ ಪದೇ ಪದೇ ಏನಾದರೂ ತಾಕುತ್ತಿದ್ದರೆ ಕೆಲವೇ ಗಂಟೆಗಳಲ್ಲಿ ಎದೆಭಾಗದ ನರಗಂಟುಗಳಲ್ಲಿ ಸೆರೊಟೋನಿನ್ ಅನ್ನೋ ನರ-ರಾಸಾಯನಿಕ ಏರುತ್ತೆ, ಮಿಡತೆ ಗುಂಪಿನ ಕಡೆ ವಾಲುತ್ತೆ. ವಿಜ್ಞಾನಿಗಳು 2009ರಲ್ಲಿ ತೋರಿಸಿದ್ದು ಇದನ್ನ. ಮೈ ಹಳದಿ-ಕಪ್ಪಾಗೋಕೆ ಮಾತ್ರ ಪೊರೆ ಬಿಡೋವರೆಗೂ ಕಾಯಬೇಕು.

ಒಂಟಿಯಾಗಿರಲಿ, ಗುಂಪಲ್ಲಿರಲಿ, ಡಿಎನ್‌ಎ ಅದೇ. ಯಾವ ಜೀನ್ ಎಷ್ಟು ಜೋರಾಗಿ ಕೆಲಸ ಮಾಡ್ತಿದೆ ಅನ್ನೋದಷ್ಟೇ ಬೇರೆ. ಇನ್ನೊಂದು ಜಾತಿ, ವಲಸೆ ಮಿಡತೆಯಲ್ಲಿ, ಚೀನಾದ ವಿಜ್ಞಾನಿಗಳು 2004ರಲ್ಲೇ ಇಂಥ 532 ಜೀನ್ ಗುರುತಿಸಿದ್ದರು. 1921ರಲ್ಲಿ ಕೀಟವಿಜ್ಞಾನಿ ಉವರೋವ್ ಹೇಳೋವರೆಗೂ ಈ ವಲಸೆ ಮಿಡತೆಯ ಒಂಟಿ, ಗುಂಪು ರೂಪಗಳನ್ನ ಎರಡು ಬೇರೆ ಜಾತಿ ಅಂತಲೇ ಎಣಿಸಿದ್ದರಂತೆ, ನೋಡಿದರೆ ಯಾರಾದರೂ ಹಾಗೇ ಅಂದ್ಕೋತಾರೆ.

ನನಗೆ ಹಿಡಿಸಿದ್ದು ಬೇರೆ ಸಂಗತಿ. ಆ ವಲಸೆ ಮಿಡತೆಯನ್ನ ಗುಂಪಿನಿಂದ ತಂದು ಒಂಟಿಯಾಗಿಟ್ಟರೆ ಗುಂಪಿನ ಸೆಳೆತ ಸುಮ್ನೆ ಆರಿಹೋಗಲ್ಲ. ತನ್ನವರ ವಾಸನೆ ಕಂಡ್ರೆ ದೂರ ಸರಿಯೋ ಹಾಗೆ ಮಾಡೋಕೆ ಅಂತ ಇನ್ನೊಂದು ಜೀನೇ ಜೋರಾಗುತ್ತೆ. ದೂರ ಇರೋದಕ್ಕೂ ಮೈ ದುಡೀಬೇಕು!