ರಾಜಿ ಮಾಡ್ಕೊಳ್ಳೋಕೆ ಲಾಯರ್ ಯಾಕೆ?

"ಕೋರ್ಟಿಗೆ ಹೋಗದೆ ರಾಜಿ ಮಾಡ್ಕೊಳ್ಳೋದಾದ್ರೆ ಲಾಯರ್ ಯಾಕೆ ಸಾರ್? ನಾವ್ನಾವೇ ಕೂತು ಮಾತಾಡ್ಕೊಂಡ್ರೆ ಆಗಲ್ವಾ?"

ನಾನು ವಕೀಲನೆಂದು ಗೊತ್ತಾದರೆ ಸಾಕು, ಮದುವೆಮನೆಯಲ್ಲೂ ಇದೇ ಪ್ರಶ್ನೆ. ಕೇಳುವ ಧಾಟಿಯಲ್ಲೇ ಗೊತ್ತಾಗುತ್ತದೆ: ವಕೀಲ ನಡುವೆ ಬಂದರೆ ಜಗಳ ಬೆಳೆಸುತ್ತಾನೆ ಅಂತ. ಹಾಗೆ ಬೆಳೆಸುವವರೂ ಇದ್ದಾರೆ. ಅಂಥವರ ಹತ್ತಿರ ಹೋಗಬೇಡಿ. ಆದರೆ ತಾವೇ ಮಾತಾಡಲು ಹೋಗಿ ಕೈ ಸುಟ್ಟುಕೊಂಡು ಬಂದವರನ್ನು ನಾನು ನೋಡಿದ್ದೇನೆ.

ಒಬ್ಬರು ಭಾಮೈದನಿಗೆ ಕೈಸಾಲ ಕೊಟ್ಟಿದ್ದರು. ಪತ್ರವಿತ್ತು, ಸಹಿಯಿತ್ತು. ಕೇಳಿದಾಗಲೆಲ್ಲ ಅವನದು ಒಂದೇ ಮಾತು: "ಸೈಟು ಮಾರಿದ ತಕ್ಷಣ ಕೊಡ್ತೀನಿ ಭಾವ." ಇವರು ಪ್ಲಾಸ್ಟಿಕ್ ಕವರಿನಿಂದ ಪತ್ರ ತೆಗೆದು ಮೇಜಿನ ಮೇಲೆ ಹರಡಿದಾಗ ನಾನು ಮೊದಲು ನೋಡಿದ್ದು ತಾರೀಖು. ಮೂರು ವರ್ಷ ದಾಟಿಹೋಗಿತ್ತು; ಸಾಲ ವಸೂಲಿಗೆ ದಾವೆ ಹಾಕುವ ಗಡುವೇ ಅಷ್ಟು. ಮಾತುಕತೆ ನಡೆಯುತ್ತಿದೆ ಎಂದು 1963ರ ಕಾಲಮಿತಿ ಕಾಯ್ದೆ ನಿಮಗಾಗಿ ಕಾಯುವುದಿಲ್ಲ. ಆ ಮೂರು ವರ್ಷದೊಳಗೆ "ಇಷ್ಟು ಬಾಕಿ ಇದೆ" ಎಂದು ಒಂದೇ ಸಾಲು ಬರೆಸಿ ಸಹಿ ಹಾಕಿಸಿಕೊಂಡಿದ್ದರೆ, 18ನೇ ಕಲಮಿನ ಪ್ರಕಾರ ಅಂದಿನಿಂದ ಹೊಸದಾಗಿ ಲೆಕ್ಕ ಶುರುವಾಗುತ್ತಿತ್ತು.

"ಭಾಮೈದನ ಹತ್ರ ಸಹಿ ಹೇಗೆ ಕೇಳ್ಲಿ ಸಾರ್? ಮನಸ್ಸು ಬರ್ಲಿಲ್ಲ."

ವಕೀಲ ಬೇಕಿದ್ದದ್ದು ಅದಕ್ಕೇ! ನಿಮಗೆ ಕೇಳಲು ನಾಲಿಗೆ ಬಾರದ್ದನ್ನು ನಾನು ಕೇಳುತ್ತೇನೆ. ಅವನೂ ವಕೀಲರನ್ನು ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಎದುರು ಪಾರ್ಟಿಗೆ ವಕೀಲರಿದ್ದರೆ ಅವರ ಮೂಲಕವೇ ಮಾತಾಡಬೇಕೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವಿದೆ. ನಾವಿಬ್ಬರು ವಕೀಲರು ಕಾಗದ ಹಿಡಿದು ಮಾತಾಡುತ್ತಿದ್ದರೆ ಭಾವ-ಭಾಮೈದ ಹಬ್ಬಕ್ಕೆ ಒಟ್ಟಿಗೆ ಊಟಕ್ಕೆ ಕೂರಬಹುದು.

"ಮಾತುಕತೆ ಮುರಿದುಬಿದ್ದರೆ ನನ್ನ ಕೈಯಲ್ಲಿ ಏನು ಉಳಿಯುತ್ತದೆ?" ಎಂದು ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದೇನೆ. ಯಾರೂ ಕೇಳುವುದಿಲ್ಲ. ಹತ್ತು ಲಕ್ಷ ಬರಬೇಕಾದವರು ಏಳಕ್ಕೆ ಒಪ್ಪುತ್ತೇನೆಂದು ವಾಟ್ಸಾಪಿನಲ್ಲಿ ಬರೆದುಬಿಡುತ್ತಾರೆ. ನಾಳೆ ಅದೇ ಸಾಲನ್ನು ಎದುರು ಪಾರ್ಟಿ ಕೋರ್ಟಿನಲ್ಲಿ ತೋರಿಸಿದರೆ? ಸಾಕ್ಷ್ಯವಾಗಿ ಬಳಸಬಾರದೆಂಬ ಷರತ್ತಿನ ಮೇಲೆ ಬರೆದ ಮಾತಿಗೆ ಸಿವಿಲ್ ದಾವೆಗಳಲ್ಲಿ ರಕ್ಷಣೆಯಿದೆ. ನಮ್ಮ ಪತ್ರಗಳ ತಲೆಯ ಮೇಲೆ 'ವಿದೌಟ್ ಪ್ರಿಜುಡೀಸ್' (ನಮ್ಮ ಹಕ್ಕಿಗೆ ಬಾಧೆಯಿಲ್ಲದೆ) ಎಂದು ಹಾಕುವುದು ಅದಕ್ಕೇ. ಇಲ್ಲೊಂದು ಸೂಕ್ಷ್ಮವಿದೆ. ಸಾಲಗಾರ ಬಾಕಿ ಒಪ್ಪಿಕೊಂಡದ್ದೂ ಅದೇ ಪತ್ರದಲ್ಲಿದ್ದರೆ ಅದನ್ನೂ ತೋರಿಸಲಾಗದೆ ಹೋಗಬಹುದು. ಅದಕ್ಕಾಗಿ ಬಾಕಿಯ ಒಪ್ಪಿಗೆಯನ್ನು ಬೇರೆ ಕಾಗದದಲ್ಲೇ ಬರೆಸುತ್ತೇನೆ.

ದಾವೆ ಆಗಲೇ ಕೋರ್ಟಿನಲ್ಲಿದ್ದು ಹೊರಗೆ ರಾಜಿಯಾದರೆ, ಷರತ್ತುಗಳನ್ನು ಬರೆದು ಸಹಿ ಹಾಕಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 23, ನಿಯಮ 3ರಡಿ ಸಲ್ಲಿಸಬೇಕು. ಅದು ಡಿಕ್ರಿ, ಅಂದರೆ ಕೋರ್ಟಿನ ತೀರ್ಮಾನ, ಆದ ಮೇಲೆ ಎದುರಿನವರು ಮಾತು ತಪ್ಪಿದರೆ ಅದನ್ನು ಜಾರಿ ಮಾಡಿಸಲು ನೇರ ಅಮಲ್ಜಾರಿ ಅರ್ಜಿ, ಹೊಸ ದಾವೆ ಬೇಕಿಲ್ಲ. ಆದರೆ ಒಪ್ಪಿ ಪಡೆದ ಡಿಕ್ರಿಯ ಮೇಲೆ ಸಾಮಾನ್ಯವಾಗಿ ಮೇಲ್ಮನವಿ ಇಲ್ಲ. ಆದ್ದರಿಂದ ಸಹಿಗೆ ಮೊದಲು ಪ್ರತಿ ಸಾಲನ್ನೂ ನಿಮ್ಮ ವಕೀಲರಿಂದ ಓದಿಸಿ ಕೇಳಿ.

ಕೋರ್ಟ್ ಫೀ ಹೋಯಿತೆಂದು ಸುಮ್ಮನಾಗಬೇಡಿ. ಪಕ್ಷಗಾರರು ಹೊರಗೆ ತಾವೇ ರಾಜಿಯಾದರೂ ಫೀ ವಾಪಸ್ ಸಿಗಬೇಕೆಂದು 2021ರಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ರಾಜಿ ಅರ್ಜಿ ಹಾಕುವಾಗಲೇ ಅದನ್ನೂ ಕೇಳಿಸಿ.