ಆರಿಸಿದ ಎಲೆ ಮೇಲಕ್ಕೆ ಬರುವ ಬಗೆ

ಇಸ್ಪೀಟಿನ ಕೈಚಳಕದಲ್ಲಿ, ನೋಡುಗ ಆರಿಸಿದ ಎಲೆಯನ್ನು ಕಟ್ಟಿನ ನಡುವೆ ಇಡಿಸಿ ಮೇಲಕ್ಕೆ ತರುವ ಕೆಲಸವೆಲ್ಲ ಎಡಗೈಯ ಕಿರುಬೆರಳಿನದ್ದು. ಕಟ್ಟಿನ ಮೇಲಿನ ಅರ್ಧವನ್ನು ಬಲಗೈಯಲ್ಲಿ ಎತ್ತಿ. ಎಡಗೈಯಲ್ಲಿ ಉಳಿದ ಅರ್ಧದ ಮೇಲೆ ಅವರು ಎಲೆ ಇಡುತ್ತಾರೆ. ಬಲಗೈಯ ಅರ್ಧವನ್ನು ಅದರ ಮೇಲೆ ಇಳಿಸುವಾಗ ಕಿರುಬೆರಳ ತುದಿಯ ಮಾಂಸವನ್ನು ನಡುವೆ ಸಿಕ್ಕಿಸಿ. ಹಿಂಬದಿ ಬಲಮೂಲೆಯಲ್ಲಿ ಒಂದೆರಡು ಮಿಲಿಮೀಟರ್ ಸಂದು ಸಾಕು. ಇಡೀ ಬೆರಳು ತೂರಿಸಿದರೆ ಎದುರಿನಿಂದಲೇ ಬಾಯಿ ತೆರೆದಂತೆ ಕಾಣುತ್ತದೆ.

ಈಗ ಸಂದಿನ ಮೇಲಿನ ಎಲೆಗಳಲ್ಲಿ ಸುಮಾರು ಅರ್ಧ ತೆಗೆದು ಅಡಿಗೆ ಹಾಕಿ. ಸಂದಿನವರೆಗೆ ಉಳಿದದ್ದನ್ನೂ ಅಡಿಗೆ. ಆರಿಸಿದ ಎಲೆ ಮೇಲೆ ಬಂತು. ಕಲೆಸುವ ಅವಸರ ಬೇಡ, ಕಣ್ಣು ಕೈಮೇಲೆ ಬೇಡ.

ಬಲಬದಿಯಲ್ಲಿ, ಬೆನ್ನ ಹಿಂದೆ ಯಾರೂ ಇರಬಾರದು. ಮದುವೆಮನೆ ಚಪ್ಪರದಲ್ಲಿ ಮಕ್ಕಳು ಸುತ್ತುವರಿಯುತ್ತಾರೆ, ಗೋಡೆಗೆ ಒರಗಿ ನಿಲ್ಲಿ.

ಕಾಸರಗೋಡಿನ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಕಾಗದದ ಎಲೆ ಉಬ್ಬಿ ಅಂಟುತ್ತದೆ, ಸಂದು ಹಿಡಿಯಲು ಹೋದರೆ ಮೂರು ಒಟ್ಟಿಗೆ ಏಳುತ್ತವೆ. ಪೌಡರ್ ಹಾಕಿದರೆ ಸ್ವಲ್ಪ ಹೊತ್ತು ಜಾರುತ್ತದೆ, ಆಮೇಲೆ ಗಂಟು ಗಂಟು. ಗಾಳಿಯಾಡದ ಡಬ್ಬಿಯೇ ವಾಸಿ. ಪೂರ್ತಿ ಪ್ಲಾಸ್ಟಿಕ್ ಎಲೆ ಉಬ್ಬುವುದಿಲ್ಲ, ಆದರೆ ಜಾರುವುದರಿಂದ ಸಂದು ನಿಲ್ಲಿಸುವುದು ಕಷ್ಟವಾಗಬಹುದು.